ಪೊಲೀಸ್ ಜೊತೆ ತಿಂಗಳ ಮೀಟಿಂಗ್, ಇದರಿಂದ ನಿಜವಾಗ್ಲೂ ಏನಾದ್ರೂ ಆಗತ್ತಾ?

ಪ್ರಶ್ನೆ:
ನಮ್ಮ ಏರಿಯಾದಲ್ಲಿ ಪೊಲೀಸ್ನೋರು ತಿಂಗಳಿಗೊಂದ್ಸಲ ಜನರ ಮೀಟಿಂಗ್ ಕರೀತಿದಾರೆ. ಮೊದಲ್ನೇ ಸಲ ನಲವತ್ತು ಜನ ಬಂದಿದ್ರು, ಮೂರನೇ ಸಲಕ್ಕೆ ಒಂಬತ್ತೇ ಜನ, ಹೇಳಿದ್ದನ್ನೇ ಹೇಳೋದು, ಲೈಟಿಲ್ಲದ ಓಣಿ, ರಾತ್ರಿ ಬೈಕ್ ಹಾವಳಿ. ನಮ್ಮಮ್ಮ ಬೇರೆ "ಹೆಸ್ರು ಕೊಟ್ರೆ ನಾಳೆ ಸಾಕ್ಷಿಗೆ ಅಂತ ನಾವೇ ಅಲೀಬೇಕಾಗತ್ತೆ" ಅಂತಾರೆ. ಮುಂದುವರಿಸೋದಾ ಬಿಡೋದಾ?

ಉತ್ತರ 1:
ಬಿಡಬೇಡಿ. ನಮ್ಮಲ್ಲೂ ಹೀಗೇ ಜನ ಕರಗಿಹೋಗಿದ್ರು. ಆಮೇಲೆ ಬಂದ ಬೀಟ್ ಕಾನ್‌ಸ್ಟೇಬಲ್ (ಬೀಟ್ ಅಂದ್ರೆ ಒಬ್ಬ ಪೊಲೀಸ್ ಗಸ್ತು ನೋಡ್ಕೊಳ್ಳೋ ಏರಿಯಾ) ಒಂದು ನೋಟ್‌ಬುಕ್ ಇಟ್ರು, ಪ್ರತಿ ಮೀಟಿಂಗ್ ಶುರುವಾಗ್ತಿದ್ದಿದ್ದೇ ಹೋದ್ಸಲ ಬರ್ಕೊಂಡಿದ್ದನ್ನ ಓದೋದ್ರಿಂದ, ಇದು ಆಯ್ತು, ಇದು ಆಗಿಲ್ಲ, ಯಾಕಾಗಿಲ್ಲ ಅಂದ್ರೆ ಹೀಗೆ. "ಆಗಿಲ್ಲ" ಅಂತ ಮುಖಕ್ಕೆ ಮುಖ ಕೊಟ್ಟು ಹೇಳಿದ್ದಕ್ಕೇ ಜನಕ್ಕೆ ನಂಬಿಕೆ ಬಂತು. ಓಣಿ ಲೈಟ್ ಪೊಲೀಸ್ನೋರ ಕೆಲ್ಸ ಅಲ್ಲ ನಿಜ, ಆದ್ರೆ ಅವ್ರು ಒಂದು ಲೆಟರ್ ಬರೆದ್ರೆ ಕಂಬದ ಹತ್ರ ಏಣಿ ಬರತ್ತೆ, ನಾವು ಬರೆದ್ರೆ ಬರಲ್ಲ.

ಉತ್ತರ 2:
ಮೀಟಿಂಗ್ ಮಾಡಿದ ಮಾತ್ರಕ್ಕೆ ಏನೂ ಆಗಲ್ಲ, ಇದನ್ನ ಪರೀಕ್ಷೆ ಮಾಡಿ ನೋಡಿದಾರೆ. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪೀನ್ಸ್, ಉಗಾಂಡಾ ಆರೂ ಕಡೆ ಕಮ್ಯುನಿಟಿ ಪೊಲೀಸಿಂಗ್, ಅಂದ್ರೆ ಇಂಥ ಮೀಟಿಂಗ್ ಎಲ್ಲ ಮಾಡಿ ಪೊಲೀಸ್ನೋರು ಜನರ ಜೊತೆ ಸೇರಿ ಕೆಲ್ಸ ಮಾಡೋ ಪದ್ಧತಿ, ತಂದು ಅಳತೆ ಮಾಡಿದ ಅಧ್ಯಯನ 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು, ಅಪರಾಧವೂ ಕಮ್ಮಿ ಆಗಿಲ್ಲ ನಂಬಿಕೆಯೂ ಹೆಚ್ಚಿಲ್ಲ. ಅವ್ರು ಕೊಟ್ಟ ಕಾರಣ ನೋಡಿ: ಮೇಲಧಿಕಾರಿಗಳಿಗೆ ಆಸಕ್ತಿ ಇರ್ಲಿಲ್ಲ, ಮುಂದೆ ನಿಂತವ್ರಿಗೇ ಟ್ರಾನ್ಸ್‌ಫರ್ ಆಗ್ತಿತ್ತು, ಜನ ಹೇಳಿದ್ದಕ್ಕೆ ಸ್ಪಂದಿಸೋಕೆ ಸಿಬ್ಬಂದಿ ದುಡ್ಡು ಇರ್ಲಿಲ್ಲ. ಹಾಗಂತ ಬರೀ ಜೀಪ್ ಓಡಾಡ್ಸೋದೂ ಮದ್ದಲ್ಲ, 1972-73ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಲಿ ಕೆಲವು ಬೀಟ್‌ನಲ್ಲಿ ಗಸ್ತು ನಿಲ್ಸಿ ಕೆಲವು ಕಡೆ ಎರಡು ಮೂರು ಪಟ್ಟು ಮಾಡಿ ನೋಡಿದ್ರೆ ಅಪರಾಧದಲ್ಲಿ ಹೇಳ್ಕೊಳ್ಳೋ ವ್ಯತ್ಯಾಸನೇ ಕಾಣ್ಲಿಲ್ಲ.

ಉತ್ತರ 3:
ಇಲಾಖೆಲಿ ಇದ್ದು ರಿಟೈರ್ ಆದವ್ನು ನಾನು. ಉತ್ತರ 2ರಲ್ಲಿ ಹೇಳಿದ ಟ್ರಾನ್ಸ್‌ಫರ್ ವಿಷ್ಯ ನೂರಕ್ಕೆ ನೂರು ಸತ್ಯ. ಒಂದು ಬೀಟ್‌ನಲ್ಲಿ ಯಾವ ಮನೆಲಿ ವಯಸ್ಸಾದವ್ರು ಒಬ್ರೇ ಇದಾರೆ, ಯಾವ ಹುಡ್ಗ ಕಾಲೇಜ್ ಬಿಟ್ಟು ಕೂತಿದಾನೆ ಅಂತ ಗೊತ್ತಾಗೋಕೇ ವರ್ಷ ಬೇಕು, ಗೊತ್ತಾಗೋ ಹೊತ್ತಿಗೆ ಎತ್ತಾಕ್ತಾರೆ. ಜಪಾನಿನ ಕೋಬಾನ್ ಅನ್ನೋ ಪುಟ್ಟ ಠಾಣೆಗಳ ಪೊಲೀಸ್ನೋರು ಏನೂ ಆಗದೇ ಇದ್ದಾಗ್ಲೂ ಮನೆಮನೆಗೆ ಹೋಗಿ ಮಾತಾಡಿಸ್ಕೊಂಡು ಬರ್ತಾರೆ, ಅದೂ ಡ್ಯೂಟಿನೇ. ನಿಮ್ಮಮ್ಮನ ಭಯ ಅಂದ್ರಲ್ಲ, ಮಾಹಿತಿ ಕೊಡೋದೇ ಬೇರೆ, ಸಾಕ್ಷಿ ಹೇಳೋದೇ ಬೇರೆ, ಇದನ್ನ ಮೀಟಿಂಗ್‌ನಲ್ಲೇ ಎಲ್ಲರ ಎದುರು ಕೇಳಿ, ಅವ್ರ ಬಾಯಿಂದಾನೇ ಬರ್ಲಿ.

ಉತ್ತರ 4:
ಒಂಬತ್ತು ಜನ ಯಾರ್ಯಾರು ಅಂತ ನೋಡಿದ್ರಾ? ಸಾಮಾನ್ಯವಾಗಿ ಸ್ವಂತ ಮನೆಯವ್ರು, ಹಿರಿಯರು. ಬಾಡಿಗೆಗಿರೋರು, ಹೊರಗಿಂದ ಕೆಲ್ಸಕ್ಕೆ ಬಂದೋರು, ಆ ಬೈಕ್ ಹುಡುಗ್ರು ಯಾರೂ ಇರಲ್ಲ, ಆಗ ಮೀಟಿಂಗ್ ಅವ್ರ ಮೇಲೆ ದೂರು ಹೇಳೋ ಜಾಗ ಆಗ್ಬಿಡತ್ತೆ. ಹುಡುಗ್ರನ್ನ ದಯವಿಟ್ಟು ಕರೀರಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಎಲ್ರಿಗೂ. ಮುಂದಿನ ಮೀಟಿಂಗ್‌ಗೆ ನಾನೇ ಒಂದು ನೋಟ್‌ಬುಕ್ ತಗೊಂಡು ಹೋಗ್ತೀನಿ, ಬೈಕ್ ಹುಡುಗ್ರಲ್ಲಿ ಇಬ್ರು ನಂಗೆ ಪರಿಚಯ, ಇವತ್ತು ಸಂಜೆನೇ ಕೇಳ್ತೀನಿ ಬರ್ತಾರಾ ಅಂತ.