ಲೂಪಸ್ ಇರುವ ಮಗಳಿಗೆ ಪದೇ ಪದೇ ಉರಿಮೂತ್ರ: ಯಾರ ಮನೆಯಲ್ಲಾದರೂ ಹೀಗಾಗಿತ್ತಾ?

ನಾವು ಕೊಪ್ಪಳದವರು. ಮಗಳಿಗೆ 16 ವರ್ಷ, ಲೂಪಸ್ (ರೋಗನಿರೋಧಕ ಶಕ್ತಿ ತನ್ನ ಮೈಯ ಮೇಲೇ ತಿರುಗಿಬೀಳುವ ಕಾಯಿಲೆ) ಗೊತ್ತಾಗಿ ಒಂದು ವರ್ಷವಾಯಿತು. ತಿಂಗಳಿಂದ ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಓಡುತ್ತಾಳೆ. ಉರಿ, ಹೊಟ್ಟೆನೋವು, ನಡುವೆ ವಾಂತಿ. ಮೂರು ಸಲ ಆಂಟಿಬಯೋಟಿಕ್ ಆಯ್ತು. ಮೂತ್ರದ ಕಲ್ಚರ್‌ನಲ್ಲಿ (ಸೋಂಕಿನ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಮಾತ್ರ ಏನೂ ಬೆಳೆಯುತ್ತಿಲ್ಲ. ಗೊತ್ತಿದ್ದವರು ಹೇಳಿ.

ಬಳ್ಳಾರಿಯಿಂದ: ನನ್ನ ತಂಗಿಗೆ ಥೇಟ್ ಹೀಗೇ ಆಗಿತ್ತು. ಎಲ್ಲರೂ ಉಷ್ಣ ಅಂದರು. ನಮ್ಮೂರ ಬಿಸಿಲಿಗೆ ಯಾರು ತಾನೇ ನಂಬಲ್ಲ? ನನ್ನಾರಿ ಶರಬತ್ತು, ಎಳನೀರು, ಸಬ್ಬಕ್ಕಿ ಗಂಜಿ ಎಲ್ಲಾ ಆಯ್ತು. ಕಾಲೇಜಿನಲ್ಲಿ ಪದೇ ಪದೇ ಎದ್ದು ಹೋಗೋಕೆ ನಾಚಿ ಅವಳು ನೀರು ಕುಡಿಯೋದನ್ನೇ ಬಿಟ್ಟಳು. ಬಾಟಲಿ ಬೆಳಿಗ್ಗೆ ತುಂಬಿಸಿದ ಹಾಗೇ ವಾಪಸ್ ಬರುತ್ತಿತ್ತು. ಕೊನೆಗೆ ಸ್ಕ್ಯಾನ್ ಮಾಡಿಸಿದೆವು. ಮೂತ್ರಚೀಲದ ಗೋಡೆ ದಪ್ಪ, ಎರಡೂ ಕಿಡ್ನಿಯಲ್ಲಿ ನೀರು ತುಂಬಿ ಊತ. ಲೂಪಸ್ ಸಿಸ್ಟೈಟಿಸ್ ಅಂದರು. ಸೋಂಕಲ್ಲ, ಲೂಪಸ್ಸೇ ಚೀಲಕ್ಕೆ ಇಳಿದಿರೋದು. ಬಹಳ ಅಪರೂಪ, ಆದರೆ ಬಂದಾಗ ಕರುಳನ್ನೂ ಜೊತೆಗೆ ಹಿಡಿಯೋದು ಜಾಸ್ತಿಯಂತೆ. ಹಾಗಾಗಿ ವಾಂತಿ, ಭೇದಿಯನ್ನು ಬೇರೆ ಕಾಯಿಲೆ ಅಂತ ಬಿಡಬೇಡಿ. ಅವಳಿಗೆ ಸ್ಟಿರಾಯ್ಡ್ ಡ್ರಿಪ್ ಕೊಟ್ಟ ಮೇಲೆ ತಹಬಂದಿಗೆ ಬಂತು. ತಡವಾದರೆ ಚೀಲ ಕುಗ್ಗಿ ಹಾಗೇ ಉಳಿದುಬಿಡಬಹುದು ಅಂತ ಡಾಕ್ಟರು ಆಗ ಹೇಳಿದ್ದರು.

ರಾಯಚೂರಿನಿಂದ: ನಮ್ಮ ಅಣ್ಣನ ಮಗನದು ಬೇರೆ ಕಥೆ. ಕಿಡ್ನಿಗೆ ಲೂಪಸ್ ಇಳಿದು ಸೈಕ್ಲೋಫಾಸ್ಫಮೈಡ್ ಅನ್ನೋ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಹಾಕುತ್ತಿದ್ದರು. ಮೂತ್ರ ದಾಳಿಂಬೆ ರಸದ ಹಾಗೆ ಕೆಂಪಾಯಿತು. ಆ ಔಷಧಿ ಮೈಯಲ್ಲಿ ಒಡೆದಾಗ ಹುಟ್ಟುವ ಅಕ್ರೋಲಿನ್ ಚೀಲದ ಒಳಪದರವನ್ನು ಸುಡುತ್ತದಂತೆ. ಅದಕ್ಕೇ ಜಾಸ್ತಿ ನೀರು ಕುಡಿಸೋದು, ಕೆಲವರಿಗೆ ಚೀಲ ಕಾಯುವ ಮೆಸ್ನಾ ಅನ್ನೋ ಔಷಧಿ ಕೊಡೋದು. ನಿಮ್ಮ ಮಗಳಿಗೆ ಈ ಔಷಧಿ ಹಾಕಿದ್ದಾರಾ? ಹಳೇ ಡಿಸ್ಚಾರ್ಜ್ ಕಾಗದ ಬಿಡದೆ ಒಯ್ಯಿರಿ. ಬೇನೆಯದೋ ಔಷಧಿಯದೋ ಅನ್ನೋದು ಮೊದಲು ತಿಳಿಯಬೇಕಲ್ವಾ?

ಸಿಂಧನೂರಿನಿಂದ: ಸಲ್ಫಾ ಮಾತ್ರೆ (ಒಂದು ಬಗೆಯ ಆಂಟಿಬಯೋಟಿಕ್) ಕೆಲವು ಲೂಪಸ್‌ನವರಿಗೆ ಆಗಿಬರಲ್ಲ. ಮೂರು ಸಲ ಕೊಟ್ಟಿದ್ದು ಯಾವುದು, ಚೀಟಿ ನೋಡಿ. ಹಾಗಂತ ಸ್ಟಿರಾಯ್ಡ್ ನೀವೇ ಏರಿಸೋದು ಇಳಿಸೋದು ಮಾಡಬೇಡಿ. ಜ್ವರ ಬಂದರೆ, ಮೂತ್ರ ಕಟ್ಟಿದರೆ, ಕಾಲಿನ ಶಕ್ತಿ ಹೋದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಕೊಪ್ಪಳದಿಂದ ಮತ್ತೆ: ಚೀಟಿ ನೋಡಿದೆ, ಸಲ್ಫಾ ಇಲ್ಲ. ಸೈಕ್ಲೋಫಾಸ್ಫಮೈಡ್ ಕೂಡ ಹಾಕಿಲ್ಲ. ಸ್ಕ್ಯಾನ್ ಅಂತೂ ಯಾರೂ ಬರೆದೇ ಇರಲಿಲ್ಲ. ನಾಳೆ ಬೆಳಿಗ್ಗೆ ಮಾಡಿಸುತ್ತೇವೆ. ನೀರಿನ ಬಾಟಲಿ ಎತ್ತಿ ನೋಡಿದೆ, ಇವಳದೂ ತುಂಬಿದ ಹಾಗೇ ಇದೆ.