ಉನ್ನತ ಶಿಕ್ಷಣದಿಂದ ಬುದ್ಧಿ ಬೆಳೆಯುತ್ತದೆಯೇ? ತಂಗಿಯನ್ನು ಎಂ.ಎಸ್ಸಿ.ಗೆ ಕಳುಹಿಸುವ ವಿಚಾರ

ಪ್ರಶ್ನೆ: ಗೊಬ್ಬರದಂಗಡಿ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನಲ್ಲಿ ರಸಗೊಬ್ಬರ ಮತ್ತು ಕ್ರಿಮಿನಾಶಕದ ಅಂಗಡಿ ನಡೆಸುತ್ತೇನೆ. ನನ್ನ ತಂಗಿ ಈ ವರ್ಷ ಬಿ.ಎಸ್ಸಿ. ಮುಗಿಸಿದ್ದಾಳೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬೇಕೆಂಬುದು ಅವಳ ಆಸೆ. ತಂದೆಯವರು ತೀರಿಕೊಂಡ ಮೇಲೆ ನಮ್ಮ ಮನೆಯ ದೊಡ್ಡ ತೀರ್ಮಾನಗಳು ಸೋದರಮಾವನವರ ಮಾತನ್ನು ಕೇಳಿಯೇ ಆಗುತ್ತವೆ. ಅವರು ಓದಿನ ವಿರೋಧಿಯಲ್ಲ, ಡಿಗ್ರಿ ಮುಗಿಯುವವರೆಗೆ ಅವಳ ಫೀಸು ಕಟ್ಟಿದವರೂ ಅವರೇ. ಆದರೆ ಈಗ, “ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಆ ಒಕ್ಕಾಲು ಮುಗೀತಲ್ಲ, ಇನ್ನು ಸಾಕು” ಎನ್ನುತ್ತಿದ್ದಾರೆ.

ಅವರು ಉದಾಹರಣೆಗೆ ತೋರಿಸುವುದು ನಮ್ಮ ಅಜ್ಜಿಯನ್ನು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಹೊಲದ ಗುತ್ತಿಗೆ, ಟ್ರ್ಯಾಕ್ಟರ್ ಬಾಡಿಗೆ, ನೆಲ್ಲು ಹಚ್ಚುವ ಆಳುಗಳ ಕೂಲಿ ಎಲ್ಲವನ್ನೂ ಬಾಯಿಲೆಕ್ಕದಲ್ಲೇ ಇಟ್ಟುಕೊಂಡು ಸಂಸಾರ ನಡೆಸಿದವರು. ಹೋದ ಹಂಗಾಮಿನಲ್ಲಿ ಯಾರ ಬಾಕಿ ಎಷ್ಟು ಉಳಿದಿತ್ತೆಂದು ಈಗ ಕೇಳಿದರೂ ತಡವರಿಸದೆ ಹೇಳುತ್ತಾರೆ. ಅಂಥವರೆದುರು ನಿಂತು ಬುದ್ಧಿ ಬರಲು ಇನ್ನೂ ಎರಡು ವರ್ಷ ಓದಬೇಕೆಂದು ಹೇಳುವುದು ನನಗೂ ಕಷ್ಟವಾಗುತ್ತದೆ.

ನೌಕರಿಯ ಲೆಕ್ಕವನ್ನು ಮಾವನವರೊಂದಿಗೆ ಬೇರೆಯಾಗಿ ಮಾತನಾಡಿಕೊಳ್ಳುತ್ತೇನೆ. ನನಗೆ ತಿಳಿಯಬೇಕಾದದ್ದು ಅದಕ್ಕಿಂತ ಹಿಂದಿನ ಮಾತು. ಬುದ್ಧಿವಂತಿಕೆ ಎಂದರೆ ಅಂಕಪಟ್ಟಿಯಲ್ಲಿ ಕಾಣುವುದೇ, ಅಜ್ಜಿಯಲ್ಲಿ ಇರುವುದೇ? ಉನ್ನತ ಶಿಕ್ಷಣ ಅದಕ್ಕೆ ನಿಜವಾಗಿ ಏನನ್ನಾದರೂ ಸೇರಿಸುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಉಪನ್ಯಾಸಕ, ಬಳ್ಳಾರಿ

ಮನಶ್ಶಾಸ್ತ್ರ ಬೋಧಿಸಿ ನಿವೃತ್ತನಾದವನು ನಾನು. ಬುದ್ಧಿಯನ್ನು ಅಂಕಿಯಲ್ಲಿ ಹೇಳುವ ಅಭ್ಯಾಸ ಎಲ್ಲಿಂದ ಬಂತೆಂದು ತಿಳಿದರೆ ನಿಮ್ಮ ಅರ್ಧ ಗೊಂದಲ ಕಳೆಯುತ್ತದೆ.

ಇಂದಿನ ಬುದ್ಧಿ ಪರೀಕ್ಷೆಗಳ ಮೂಲ 1905ರ ಪ್ಯಾರಿಸ್. ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಪ್ರತ್ಯೇಕ ನೆರವು ಕೊಡಬೇಕೆಂಬ ಉದ್ದೇಶದಿಂದ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಅದನ್ನು ರೂಪಿಸಿದರು. ಹುಟ್ಟಿನಿಂದ ಬಂದು ಬದಲಾಗದೆ ಉಳಿಯುವ ಬುದ್ಧಿಯೆಂಬುದನ್ನು ಬಿನೆ ಒಪ್ಪಲಿಲ್ಲ. ಅಭ್ಯಾಸದಿಂದ ಗಮನ, ನೆನಪು, ವಿವೇಚನೆ ಮೂರೂ ಬೆಳೆಯುತ್ತವೆ ಎಂದು ಅವರು ವಾದಿಸಿದರು. ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ಅದಕ್ಕೆ ‘ಬುದ್ಧಿಲಬ್ಧ’ (ಐಕ್ಯೂ) ಎಂಬ ಭಾಗಲಬ್ಧದ ಲೆಕ್ಕ ಕೊಟ್ಟರು. ಅಮೆರಿಕದ ಲೂಯಿಸ್ ಟರ್ಮನ್ 1916ರಲ್ಲಿ ಪರೀಕ್ಷೆಯನ್ನು ತಮ್ಮ ದೇಶಕ್ಕೆ ಒಗ್ಗಿಸಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಅಲ್ಲಿಯ ಸೈನ್ಯ ಸುಮಾರು 17 ಲಕ್ಷ ಜನರ ಬುದ್ಧಿಯನ್ನು ಹೀಗೆ ಅಳೆಯಿತು. ಅದರಲ್ಲಿ ಅಮೆರಿಕದಲ್ಲಿ ಮಾರುವ ಸರಕುಗಳ ಹೆಸರು, ಅಲ್ಲಿಯ ಆಟಗಾರರ ಹೆಸರು ಕೇಳುವ ಪ್ರಶ್ನೆಗಳೂ ಇದ್ದವು. ಹೊರದೇಶದಿಂದ ಹೊಸದಾಗಿ ಬಂದವರು ಕಡಿಮೆ ಅಂಕ ಪಡೆದಾಗ ಅವರ ಬುದ್ಧಿಯೇ ಕಡಿಮೆ ಎಂದು ಬರೆದವರು ವಿದ್ವಾಂಸರೇ. ನೆರವಿಗೆಂದು ಹುಟ್ಟಿದ ಅಳತೆಗೋಲು ಜನರನ್ನು ಹೊರಗಿಡುವ ಸಾಧನವಾದ ಈ ಕಥೆಯನ್ನು ಪಾಠ ಮಾಡುವಾಗಲೆಲ್ಲ ನನಗೆ ನೋವಾಗುತ್ತಿತ್ತು.

ಹಾಗೆಂದು ಓದಿನಿಂದ ಏನೂ ಆಗುವುದಿಲ್ಲ ಎಂದು ತಿಳಿಯಬೇಡಿ. ಮನಶ್ಶಾಸ್ತ್ರಜ್ಞರಾದ ಸ್ಟುವರ್ಟ್ ರಿಚಿ ಮತ್ತು ಎಲಿಯಟ್ ಟಕರ್-ಡ್ರಾಬ್ 2018ರಲ್ಲಿ, ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿದ್ದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಚ್ಚಿನ ಒಂದೊಂದು ವರ್ಷದ ಶಿಕ್ಷಣಕ್ಕೂ ಇಂಥ ಪರೀಕ್ಷೆಗಳಲ್ಲಿ ಸುಮಾರು 1ರಿಂದ 5 ಐಕ್ಯೂ ಅಂಕ ಏರುವುದು ಕಂಡುಬಂತು. ಬುದ್ಧಿವಂತರೇ ಹೆಚ್ಚು ಓದುತ್ತಾರೆ ಎಂಬುದೊಂದೇ ಇದಕ್ಕೆ ಕಾರಣವಲ್ಲವೆಂದು ಖಚಿತಪಡಿಸಿಕೊಳ್ಳಲು ಅವರು ಪ್ರತ್ಯೇಕ ಎಚ್ಚರ ವಹಿಸಿದ್ದರು. ಹಾಗಾಗಿ ನಿಮ್ಮ ಮಾವನವರು ಓದನ್ನೂ ಬುದ್ಧಿಯನ್ನೂ ಬೇರೆ ಬೇರೆ ಪಾಲು ಮಾಡಿದ್ದು ನನಗೆ ಒಪ್ಪಿಗೆಯಿಲ್ಲ. ಒಂದು ಇನ್ನೊಂದನ್ನು ಬೆಳೆಸುತ್ತದೆ.

ಉತ್ತರ: ಅಡತಿ ಅಂಗಡಿ, ಕಾರಟಗಿ

ಗುರುಗಳು ಹೇಳಿದ್ದನ್ನು ಗೌರವದಿಂದ ಓದಿದೆ. ಆದರೂ ಪರೀಕ್ಷೆಯ ಅಂಕ ಏರಿತೆಂದರೆ ಬುದ್ಧಿ ಏರಿತೆಂದು ನಾನು ಒಪ್ಪಲಾರೆ.

ನಮ್ಮ ಅಂಗಡಿಗೆ ನೆಲ್ಲು ಬಂದಾಗ ಹಿರಿಯ ಹಮಾಲರೊಬ್ಬರು ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆಯುತ್ತಾರೆ. ಅಂಗೈಯಲ್ಲಿ ಹಾಕಿ ತಿಕ್ಕಿ, ಹೊಟ್ಟು ಊದಿ, ನಾಲ್ಕು ಕಾಳನ್ನು ಹಲ್ಲಿನಲ್ಲಿ ಕಡಿಯುತ್ತಾರೆ. ಕಾಳು ಮೆತ್ತಗೆ ಒತ್ತಿಕೊಂಡರೆ ಹಸಿ, ಕಟ್ಟೆಂದು ಮುರಿದರೆ ಒಣಗಿದೆ, ಮುರಿದ ಕಡೆ ಸುಣ್ಣದ ಹಾಗೆ ಬೆಳ್ಳಗಿದ್ದರೆ ಗಿರಣಿಯಲ್ಲಿ ನುಚ್ಚು ಹೆಚ್ಚು. ಸರ್ಕಾರದ ಖರೀದಿ ಕೇಂದ್ರದಲ್ಲಿ ತೇವಾಂಶ ಶೇ. 17 ದಾಟಬಾರದೆಂಬ ನಿಯಮವಿದೆ, ಅದಕ್ಕೆ ಮೀಟರ್ ಇಟ್ಟಿರುತ್ತಾರೆ. ಇವರ ಹಲ್ಲಿಗೂ ಆ ಮೀಟರಿಗೂ ಹೆಚ್ಚು ವ್ಯತ್ಯಾಸ ಬಂದದ್ದನ್ನು ನಾನು ಕಂಡಿಲ್ಲ. ಅವರಿಗೆ ಸಹಿ ಮಾಡಲು ಬರುವುದಿಲ್ಲ. ಈ ತಿಳಿವಳಿಕೆಗೆ ಯಾವ ವಿಶ್ವವಿದ್ಯಾಲಯ ಅಂಕ ಕೊಡುತ್ತದೆ?

ಇನ್ನೊಂದು ಕಡೆ ನಮ್ಮ ಭಾಗದ ಕೆಲವು ಕಾಲೇಜುಗಳಲ್ಲಿ ವರ್ಷವಿಡೀ ಪ್ರಯೋಗಾಲಯದ ಬೀಗ ತೆಗೆಯುವುದಿಲ್ಲ. ಮಕ್ಕಳು ಗೈಡು ಬಾಯಿಪಾಠ ಮಾಡಿ ಪದವಿ ತರುತ್ತಾರೆ. ಅದಕ್ಕೆ ಉನ್ನತ ಶಿಕ್ಷಣವೆಂದು ಹೆಸರಿಟ್ಟು ಬಡವರ ದುಡ್ಡು ಖರ್ಚು ಮಾಡಿಸುವುದು ನ್ಯಾಯವಲ್ಲ. ತಂಗಿಯವರಿಗೆ ಅಂಗಡಿಯ ವ್ಯವಹಾರ ಕಲಿಸಿ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಮಣ್ಣು ಪರೀಕ್ಷಾಲಯ, ಗಂಗಾವತಿ

ಕಾರಟಗಿಯ ಅಣ್ಣನವರು ಹೇಳಿದ ಹಮಾಲರ ಜಾಣ್ಮೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹಾಗೆ ಕಾಳು ಕಡಿದು ಹೇಳುವುದಕ್ಕೆ ವರ್ಷಗಟ್ಟಲೆ ಗಮನವಿಟ್ಟು ದುಡಿಯಬೇಕು. ಆದರೆ ಅಂಥ ಜಾಣ್ಮೆ ನಿಲ್ಲುವ ಜಾಗ ಯಾವುದೆಂಬುದನ್ನು ನಾನು ಪ್ರತಿದಿನ ನೋಡುತ್ತೇನೆ. ಎಂ.ಎಸ್ಸಿ. ರಸಾಯನಶಾಸ್ತ್ರ ಓದಿದವಳೇ ಆದ್ದರಿಂದ ನಿಮ್ಮ ತಂಗಿಯ ವಿಚಾರದಲ್ಲಿ ನನಗೆ ಕಾಳಜಿಯೂ ಇದೆ.

ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತದ್ದು 1953ರಲ್ಲಿ. ಎಡದಂಡೆ ಕಾಲುವೆಯ ಹೆಚ್ಚಿನ ಪ್ರದೇಶಕ್ಕೆ ಯೋಜನೆಯಲ್ಲಿ ಗೊತ್ತುಪಡಿಸಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು. ಕಾಲುವೆಯ ಮೇಲ್ಭಾಗದಲ್ಲಿ ನೀರು ಕೈಗೆ ಸಿಕ್ಕ ರೈತರು ವರ್ಷಕ್ಕೆ ಎರಡು ಬಾರಿ ಭತ್ತ ಹಚ್ಚಿದರು. ಅವರು ದಡ್ಡರಾಗಿರಲಿಲ್ಲ. ತಮ್ಮ ಹೊಲ, ತಮ್ಮ ಬೆಲೆ, ತಮ್ಮ ಮಾರುಕಟ್ಟೆ ನೋಡಿ ಅತ್ಯಂತ ಲಾಭದ ಬೆಳೆಯನ್ನೇ ಆರಿಸಿದರು. ಆದರೆ ಎರೆಮಣ್ಣು ನೀರನ್ನು ಬೇಗ ಬಸಿಯುವುದಿಲ್ಲ. ಅಂತರ್ಜಲ ವರ್ಷವರ್ಷಕ್ಕೂ ಮೇಲೇರಿ ನೆಲಮಟ್ಟದಿಂದ ಆರೇಳು ಅಡಿಯೊಳಗೆ ಬಂದಾಗ, ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ತಾನಾಗಿ ಮೇಲಕ್ಕೆ ಹತ್ತಿ, ಬಿಸಿಲಿಗೆ ಆವಿಯಾಗಿ, ತನ್ನೊಡನೆ ತಂದ ಉಪ್ಪನ್ನು ಮೇಲೆಯೇ ಬಿಟ್ಟುಹೋಗುತ್ತದೆ. ಹೀಗೆ ತಗ್ಗಿನಲ್ಲಿದ್ದ ಎಷ್ಟೋ ಹೊಲಗಳು ಸವಳು-ಜವಳಾದವು. ಕಾರಣ ಮೇಲಿನ ಹೊಲದ ನೀರಿನಲ್ಲಿ, ಫಲ ಕೆಳಗಿನ ಹೊಲದಲ್ಲಿ, ನಡುವೆ ಹಲವು ವರ್ಷಗಳ ಅಂತರ. ಒಬ್ಬನೇ ರೈತ ತನ್ನ ಹೊಲದ ಬದುವಿನೊಳಗೆ ನಿಂತು, ಎಷ್ಟೇ ಚುರುಕಾಗಿದ್ದರೂ, ಇದನ್ನು ಕಂಡುಹಿಡಿಯುವುದು ಬಹಳ ಕಷ್ಟ.

ಈಗ ಗೊಬ್ಬರದಂಗಡಿಯ ಅಣ್ಣನವರಿಗೆ ನೇರವಾಗಿ ತಾಗುವ ಮಾತು. ಭೂಮಿ ಚೌಳಾಯಿತೆಂದು ರೈತರು ನಿಮ್ಮಲ್ಲಿ ಬಂದು ಜಿಪ್ಸಂ ಕೇಳುತ್ತಿರಬಹುದು. ಚೌಳೆಂದು ನಾವು ಕರೆಯುವ ಭೂಮಿಯಲ್ಲಿ ಮುಖ್ಯವಾಗಿ ಎರಡು ಬಗೆ. ಮಣ್ಣಿನ ಸಂತೃಪ್ತ ಸಾರದ (ನೀರು ತುಂಬಿಸಿದ ಮಣ್ಣಿನಿಂದ ತೆಗೆದ ದ್ರವದ) ವಿದ್ಯುತ್ ವಾಹಕತೆ, ಅಂದರೆ ಉಪ್ಪಿನ ಪ್ರಮಾಣದ ಅಳತೆ, ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿ, ರಸಸಾರ (ಪಿಎಚ್) 8.5ಕ್ಕಿಂತ ಕಡಿಮೆಯಿದ್ದರೆ ಅದು ಲವಣದ ಮಣ್ಣು. ಮಣ್ಣಿನ ಕಣಕ್ಕೆ ಅಂಟಿಕೊಂಡ ಸೋಡಿಯಂ ಶೇ. 15 ದಾಟಿ, ರಸಸಾರ 8.5ಕ್ಕಿಂತ ಹೆಚ್ಚಿದ್ದರೆ ಅದು ಕ್ಷಾರದ ಮಣ್ಣು. ಕ್ಷಾರದ ಮಣ್ಣಿನಲ್ಲಿ ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಇದ್ದ ಜಾಗವನ್ನು ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ನೀರಿನೊಡನೆ ಬಸಿದು ಹೋಗಬೇಕು. ಲವಣದ ಮಣ್ಣಿಗೆ ಬೇಕಾದದ್ದು ಬಸಿಗಾಲುವೆ ಮತ್ತು ಉಪ್ಪನ್ನು ತೊಳೆದು ಇಳಿಸುವಷ್ಟು ಒಳ್ಳೆಯ ನೀರು. ಅಲ್ಲಿ ಜಿಪ್ಸಂ ಸುರಿದರೆ ರೈತನ ದುಡ್ಡು ಮಣ್ಣುಪಾಲು. ಕಣ್ಣಿಗೂ ನಾಲಿಗೆಗೂ ಈ ವ್ಯತ್ಯಾಸ ಖಚಿತವಾಗಿ ತಿಳಿಯದು. ಮೀಟರು ಅಂಕಿಯನ್ನು ಕೊಡುತ್ತದೆ, ಅದರ ಅರ್ಥ ತಿಳಿಯಲು ಅಯಾನುಗಳ (ವಿದ್ಯುದಾವೇಶವಿರುವ ಕಣಗಳ) ವಿನಿಮಯವನ್ನು ಓದಿರಬೇಕು.

ಕೈಗೆ ಸಿಗದ ಕಾರಣವನ್ನು ಮನಸ್ಸಿನಲ್ಲಿ ಕಟ್ಟಿ, ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸಿ ನೋಡುವ ಶಕ್ತಿಯನ್ನು ಒಳ್ಳೆಯ ಉನ್ನತ ಶಿಕ್ಷಣ ಕೊಡುತ್ತದೆ. ಅಜ್ಜಿಯವರಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ, ಆ ಬುದ್ಧಿಗೆ ಇಂಥ ಅವಕಾಶ ಸಿಗಲಿಲ್ಲ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಮಹಿಳೆಯರಲ್ಲಿ ಅಕ್ಷರಸ್ಥರು ಅರ್ಧಕ್ಕಿಂತ ಕಡಿಮೆ ಇದ್ದರು. ಓದಲಾಗದೆ ಹೋದ ಒಬ್ಬರ ಜಾಣತನವನ್ನು ಇನ್ನೊಬ್ಬ ಹೆಣ್ಣುಮಗಳ ಓದು ನಿಲ್ಲಿಸಲು ಬಳಸುವುದು ನನಗೆ ಬಹಳ ಬೇಸರ ತರುತ್ತದೆ.

ಉತ್ತರ: ಗಣಿತ ಶಿಕ್ಷಕಿ, ಕೊಪ್ಪಳ

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಸಂತೆಗಳಲ್ಲಿ ದುಡಿಯುವ ಸಾವಿರದ ನಾಲ್ಕುನೂರಕ್ಕೂ ಹೆಚ್ಚು ಮಕ್ಕಳ ಬಗ್ಗೆ 2025ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಗೆ ಸರಿಯಾಗಿ ಹೊಂದುತ್ತದೆ. ಕಿಲೋಗೆ 20 ರೂಪಾಯಿಯ ಆಲೂಗಡ್ಡೆ 800 ಗ್ರಾಂ, 15 ರೂಪಾಯಿಯ ಈರುಳ್ಳಿ ಒಂದು ಕಿಲೋ 400 ಗ್ರಾಂ ಎಂಬಂಥ ಲೆಕ್ಕವನ್ನು ಆ ಮಕ್ಕಳು ಹಾಳೆಯ ನೆರವಿಲ್ಲದೆ ಮಾಡುತ್ತಿದ್ದರು. ಶಾಲೆಯ ರೀತಿಯಲ್ಲಿ ಬರೆದುಕೊಟ್ಟ, ಅದಕ್ಕಿಂತ ಸುಲಭವಾದ ಭಾಗಾಕಾರದಲ್ಲಿ ಹೆಚ್ಚಿನವರು ಸೋತರು. ಶಾಲೆಗೆ ಮಾತ್ರ ಹೋಗುವ ಮಕ್ಕಳು ಹಾಳೆಯ ಲೆಕ್ಕ ಮಾಡಿದರು, ಸಂತೆಯ ಲೆಕ್ಕದಲ್ಲಿ ತೊಡರಿದರು. ಒಂದು ಕಡೆಯ ಜಾಣ್ಮೆ ಇನ್ನೊಂದು ಕಡೆಗೆ ತಾನಾಗಿ ದಾಟುವುದಿಲ್ಲ, ಯಾರಾದರೂ ದಾಟಿಸಬೇಕು. ಆ ಕೆಲಸವನ್ನು ನಮ್ಮ ಶಾಲೆ-ಕಾಲೇಜುಗಳು ಸರಿಯಾಗಿ ಮಾಡುತ್ತಿಲ್ಲವೆಂಬ ಕಾರಟಗಿಯವರ ಆಕ್ಷೇಪ ನ್ಯಾಯವಾದದ್ದು. ಆದರೆ ಅದಕ್ಕೆ ಪರಿಹಾರ ಕಾಲೇಜನ್ನು ನೋಡಿ ಆರಿಸುವುದು.

ಮರುಪ್ರಶ್ನೆ: ಗೊಬ್ಬರದಂಗಡಿ, ಸಿಂಧನೂರು

ಎಲ್ಲರಿಗೂ ಕೃತಜ್ಞತೆಗಳು. ಜಿಪ್ಸಂ ವಿಚಾರವನ್ನು ಮಾವನವರಿಗೆ ಓದಿ ಹೇಳಿದೆ. ಅವರ ಹೊಲವೂ ಹಳ್ಳದ ದಂಡೆಯಲ್ಲಿದ್ದು ಅರ್ಧ ಚೌಳಾಗಿರುವುದರಿಂದ ಬಹಳ ಹೊತ್ತು ಕೇಳಿಸಿಕೊಂಡರು. “ಕಾಲೇಜು ಚಲೋ ಐತೋ ಇಲ್ಲೋ ಅಂತ ತಿಳಿಯೋದು ಹೆಂಗ?” ಎಂಬುದು ಈಗ ಅವರ ಪ್ರಶ್ನೆ.

ಉತ್ತರ: ಮಣ್ಣು ಪರೀಕ್ಷಾಲಯ, ಗಂಗಾವತಿ

ಪ್ರವೇಶಕ್ಕೆ ಮೊದಲು ತಂಗಿಯನ್ನೂ ಮಾವನವರನ್ನೂ ಕರೆದುಕೊಂಡು ಕೆಲಸದ ದಿನವೊಂದರಲ್ಲಿ ವಿಭಾಗಕ್ಕೆ ಹೋಗಿ ಬನ್ನಿ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಇದ್ದಾರೆಯೇ, ತಕ್ಕಡಿ ಮತ್ತು ಮೀಟರುಗಳು ಬಳಕೆಯಲ್ಲಿವೆಯೇ, ಕಾಯಂ ಅಧ್ಯಾಪಕರು ಎಷ್ಟು ಜನ ಎಂಬುದನ್ನು ನೋಡಿ. ಹಿಂದಿನ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳನ್ನು ತೋರಿಸಲು ಕೇಳಿ. ಅವುಗಳಲ್ಲಿ ಅವರೇ ಅಳೆದ ಅಂಕಿಗಳಿದ್ದರೆ ಒಳ್ಳೆಯದು, ಬರೀ ನಕಲು ಮಾಡಿದ ಪುಟಗಳಿದ್ದರೆ ಬೇರೆ ಕಡೆ ನೋಡಿ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ನಮ್ಮವರಿಗಿವೆ, ಆದ್ದರಿಂದ ರಾಯಚೂರು, ಬಳ್ಳಾರಿಯ ಜೊತೆಗೆ ದೂರದ ವಿಶ್ವವಿದ್ಯಾಲಯಗಳಿಗೂ ಅರ್ಜಿ ಹಾಕಬಹುದು. ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ಮಾವನವರ ಹೊಲದ ಮಣ್ಣನ್ನು ಎರಡು ಮೂರು ಕಡೆ ಅಗೆದು, ನೆರಳಿನಲ್ಲಿ ಒಣಗಿಸಿ, ಬೇರೆ ಬೇರೆ ಚೀಲದಲ್ಲಿ ತಂಗಿಯ ಕೈಯಲ್ಲಿ ಕಳುಹಿಸಿ. ಪರೀಕ್ಷೆಯನ್ನು ಅವಳಿಂದಲೇ ಮಾಡಿಸುತ್ತೇನೆ.