ಅಪ್‌ಡೇಟ್: ಮಿಗ್-21 ಡೆಕಾಲ್ ಸುತ್ತ ಇದ್ದ ಬಿಳಿ ಹೊಳಪು ಹೋಯ್ತು

ಹೋದ ವಾರ ಕೇಳಿದ್ದೆನಲ್ಲ, 1/72 ಅಳತೆಯ ಮಿಗ್-21 ಮಾದರಿ ವಿಮಾನದ ರೆಕ್ಕೆಗೆ ವಾಯುಪಡೆಯ ಚಕ್ರದ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ಸ್ಟಿಕ್ಕರ್) ಅಂಟಿಸಿದ ಮೇಲೆ ಅಂಚಿನ ಪಾರದರ್ಶಕ ಪದರ ಬೆಳ್ಳಗೆ ಮಿನುಗ್ತಿದೆ ಅಂತ? ಸರಿಹೋಯ್ತು.

ನೀವು ಹೇಳಿದ್ದರಲ್ಲಿ ಕೆಲಸ ಮಾಡಿದ್ದು ಸೂಜಿ ಐಡಿಯಾ. ಬಿಳಿ ಕಂಡಲ್ಲೆಲ್ಲ ಸಣ್ಣ ಸೂಜಿಯಿಂದ ಚುಚ್ಚಿ, ಬ್ರಷ್‌ನಲ್ಲಿ ಮೈಕ್ರೋ ಸಾಲ್ (ಡೆಕಾಲ್ ಮೆತ್ತಗೆ ಮಾಡೋ ದ್ರಾವಣ) ಹಚ್ಚಿದೆ. ಸ್ವಲ್ಪ ಹೊತ್ತಿಗೆ ಡೆಕಾಲ್ ಒಣದ್ರಾಕ್ಷಿ ಥರ ಸುಕ್ಕಾಗಿ ನನ್ನೆದೆ ಧಸಕ್ಕಂತು! "ಏನೇ ಆದ್ರೂ ಮುಟ್ಟಬೇಡಿ" ಅಂತ ಮೊದಲೇ ಎಚ್ಚರಿಸಿದ್ದವರಿಗೆ ದೊಡ್ಡ ನಮಸ್ಕಾರ. ಬೆಳಿಗ್ಗೆ ನೋಡಿದ್ರೆ ರೆಕ್ಕೆ ಮೇಲೆ ಕೊರೆದಿರೋ ಪ್ಯಾನೆಲ್ ಗೆರೆಗಳೊಳಗೂ ಇಳಿದು ಕೂತಿತ್ತು, ಪೇಂಟ್ ಮಾಡಿದ ಹಾಗೇ. ವಿನೆಗರ್‌ಗೆ ಈ ದಪ್ಪ ಡೆಕಾಲ್ ಜಗ್ಗಲಿಲ್ಲ. ಹೇರ್ ಡ್ರೈಯರ್ ಹಿಡಿದಿದ್ದು ಸುಮ್ಮನೆ ಕರೆಂಟ್ ದಂಡ.

ನನಗೆ ಹೊಸ ವಿಷಯ ಏನಂದ್ರೆ, ಆ ಬಿಳಿ ಅಂಟೂ ಅಲ್ಲ, ಕಲೆಯೂ ಅಲ್ಲ, ಬರೀ ಗಾಳಿ. ಮ್ಯಾಟ್ (ಹೊಳಪಿಲ್ಲದ) ಪೇಂಟಿನ ಮೇಲ್ಮೈ ತರಿತರಿ ಇರುತ್ತಲ್ಲ, ಡೆಕಾಲ್ ಅಡಿ ಗಾಳಿ ಸಿಕ್ಕಿಕೊಂಡು ಬೆಳಕು ಚದುರುತ್ತೆ. ಅದಕ್ಕೇ ಮೊದಲು ಗ್ಲಾಸಿ ಕ್ಲಿಯರ್ ಕೋಟ್, ಆಮೇಲೆ ಡೆಕಾಲ್, ಕೊನೆಗೆ ಮ್ಯಾಟ್ ವಾರ್ನಿಷ್.

ಎಡ ರೆಕ್ಕೆಯಲ್ಲಿ ಚಕ್ರದ ಹೊರಗಿನ ಕೇಸರಿ ಬಳೆಯ ಅಂಚಿಗೆ ಒಂದು ಚುಕ್ಕೆ ಇನ್ನೂ ಇದೆ. ಸ್ಪರ್ಧೆಯಲ್ಲಿ ತೀರ್ಪುಗಾರರು ಟಾರ್ಚ್ ಬಿಟ್ಟು ಹುಡುಕೋದೇ ಇಂಥದ್ದನ್ನ, ಹಾಗಾಗಿ ಇವತ್ತು ರಾತ್ರಿ ಅಲ್ಲಿಗೆ ಇನ್ನೊಂದು ಸಲ ಹಚ್ತೀನಿ.